ಹಲ್ಲಿನ ತಿರುಳಿನ ಉರಿಯೂತಕ್ಕೆ ಗಿಡಮೂಲಿಕೆ ಮದ್ದು: ಪರೀಕ್ಷೆ ಎಲ್ಲಿಯವರೆಗೆ ಬಂದಿದೆ?

(ನಮ್ಮ ಕನ್ನಡ ಕಾರ್ಯಕ್ರಮದ ಆರೋಗ್ಯ ವಿಭಾಗದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ. ಮಾತನಾಡಿದವರು ಮುಂಬಯಿಯಲ್ಲಿ ನೆಲೆಸಿರುವ, ಉಡುಪಿ ಕಡೆಯ ದಂತವೈದ್ಯೆ. ಕೇಳುಗರ ಕೋರಿಕೆಯ ಮೇರೆಗೆ ಇಲ್ಲಿ ಅಚ್ಚು ಮಾಡಲಾಗಿದೆ.)



ಹಿಂದಿನ ಸಲ ನಾನು ಮಕ್ಕಳ ಹಲ್ಲುಜ್ಜುವ ಅಭ್ಯಾಸದ ಬಗ್ಗೆ ಮಾತಾಡಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹಲ್ಲುಜ್ಜುವುದರ ಬಗ್ಗೆ ಇದ್ದದ್ದು ಕಡಿಮೆ. ಹೆಚ್ಚಿನವರು ಕೇಳಿದ್ದು ಲವಂಗದ ಬಗ್ಗೆ. ಒಬ್ಬರಂತೂ ನೇರವಾಗಿಯೇ ಬರೆದಿದ್ದರು: "ಲವಂಗದ ಎಣ್ಣೆ ಇಟ್ಟರೆ ನೋವು ಹೋಗುತ್ತದೆ. ಹಾಗಿರುವಾಗ ನೀವು ಡಾಕ್ಟರುಗಳು ಸಾವಿರಾರು ರೂಪಾಯಿ ತೆಗೆದುಕೊಂಡು ರೂಟ್ ಕೆನಾಲ್ ಯಾಕೆ ಮಾಡುತ್ತೀರಿ?" ಇನ್ನೊಬ್ಬರು, ಅರಿಶಿನದ ಸಾರದಿಂದ ಹಲ್ಲಿನ ಒಳಗಿನ ಉರಿಯೂತ ಇಳಿಯುತ್ತದೆ ಎಂದು ಎಲ್ಲೋ ಓದಿದ್ದು ನಿಜವೇ ಎಂದು ವಿಚಾರಿಸಿದ್ದರು. ಎರಡೂ ಒಳ್ಳೆಯ ಪ್ರಶ್ನೆಗಳೇ. ಕೋಪದಿಂದ ಕೇಳಿದ ಮೊದಲನೆಯದು ಇನ್ನೂ ಒಳ್ಳೆಯದು. ಯಾಕೆಂದರೆ ಅದೇ ಪ್ರಶ್ನೆಯನ್ನು ನಮ್ಮ ಮನೆಯಲ್ಲೇ ಒಬ್ಬರು ನನಗೆ ಕೇಳಿದ್ದರು.

ನಮ್ಮ ದೊಡ್ಡಮ್ಮ ಡೊಂಬಿವಲಿಯಲ್ಲಿ ಇರುವುದು. ಊರು ಬಿಟ್ಟು ನಲವತ್ತು ವರ್ಷವಾದರೂ ಅಡುಗೆಮನೆಯ ಮದ್ದಿನ ಡಬ್ಬಿಯನ್ನು ಬಿಟ್ಟವರಲ್ಲ. ಕೆಲವು ವರ್ಷಗಳ ಹಿಂದೆ ಅವರಿಗೆ ಕೆಳಗಿನ ದವಡೆಹಲ್ಲು ನೋಯತೊಡಗಿತು. ರಾತ್ರಿ ಮಲಗಿದರೆ ಸಾಕು, ಎದ್ದು ಕೂರಬೇಕು. ಸೊಸೆ ನನಗೆ ಫೋನು ಮಾಡೋಣ ಎಂದರೆ ಬೇಡವೆಂದರಂತೆ. ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಹಲ್ಲಿನ ತೂತಿಗೆ ತುರುಕಿ ಇಟ್ಟರು. ಒಂದು ದಿನವಲ್ಲ, ಎರಡು ದಿನವಲ್ಲ, ಸುಮಾರು ಮೂರು ವಾರ. ಒಂದು ಬೆಳಿಗ್ಗೆ ನೋವು ಪೂರ್ತಿ ನಿಂತಿತು. ಚೌತಿಗೆ ನಾನು ಅವರ ಮನೆಗೆ ಹೋದಾಗ, "ನೋವೆಲ್ಲ ಹೋಯ್ತು ಮಗಾ, ನಿನ್ನ ಮಿಷನ್ ಬೇಕಾಗಲೇ ಇಲ್ಲ" ಎಂದು ನಗಾಡಿದರು. ನಾನು ಬಾಯಿ ತೆರೆದು ತೋರಿಸಿ ಎಂದೆ. ಹಬ್ಬದ ದಿನ ಅದೆಲ್ಲ ಬೇಡ ಎಂದರು. ನಾನೂ ಒತ್ತಾಯ ಮಾಡಲಿಲ್ಲ. ಅದು ನನ್ನ ತಪ್ಪು. ನಾಲ್ಕು ತಿಂಗಳ ನಂತರ ಅವರ ಕೆನ್ನೆ ಊದಿ, ಜ್ವರ ಬಂದು, ಬಾಯಿ ತೆರೆಯಲಾಗದೆ ಬಂದರು. ಕೊನೆಗೆ ಆ ಹಲ್ಲು ಕೀಳಬೇಕಾಯಿತು. ಕಿತ್ತ ಮೇಲೆ ಹತ್ತಿ ಕಚ್ಚಿಕೊಂಡೇ ಅವರು ಕೇಳಿದರು: "ಲವಂಗ ನೋವು ತೆಗೆದದ್ದು ಹೌದು ತಾನೇ? ಮತ್ತೆ ತಪ್ಪಿದ್ದೆಲ್ಲಿ?"

ಇವತ್ತಿನ ಮಾತು ಆ ಪ್ರಶ್ನೆಗೆ ಉತ್ತರ.

ಹಲ್ಲು ಎಂದರೆ ಕಲ್ಲಿನ ತುಂಡಲ್ಲ. ಹೊರಗೆ ಎನಾಮೆಲ್ ಎಂಬ ಗಟ್ಟಿ ಪದರ, ಅದರೊಳಗೆ ಡೆಂಟಿನ್ ಎಂಬ ಸ್ವಲ್ಪ ಹಳದಿಯ ಪದರ, ಅದರ ನಡುವೆ ಮೆತ್ತಗಿನ ತಿರುಳು. ಈ ತಿರುಳನ್ನು ಪುಸ್ತಕಗಳಲ್ಲಿ ದಂತಮಜ್ಜೆ ಎನ್ನುತ್ತಾರೆ. ಅದರಲ್ಲಿ ರಕ್ತನಾಳಗಳಿವೆ, ನರಗಳಿವೆ, ಡೆಂಟಿನ್ ಕಟ್ಟುವ ಜೀವಕೋಶಗಳಿವೆ. ದೊಡ್ಡವರ ಒಂದು ಹಲ್ಲಿನಲ್ಲಿ ಈ ತಿರುಳು ತೀರಾ ಸ್ವಲ್ಪ ಮಾತ್ರ. ಎಲ್ಲ 32 ಹಲ್ಲುಗಳ ತಿರುಳನ್ನು ಒಟ್ಟು ಸೇರಿಸಿದರೂ ಅರ್ಧ ಮಿಲಿಲೀಟರ್ ಆಗುವುದಿಲ್ಲ. ಇಷ್ಟು ಚಿಕ್ಕ ವಸ್ತು ಮನುಷ್ಯನನ್ನು ರಾತ್ರಿಯಿಡೀ ಕುಣಿಸುತ್ತದೆ.

ಯಾಕೆ ಕುಣಿಸುತ್ತದೆ ಎಂದರೆ ಜಾಗವಿಲ್ಲದ ಕಾರಣ. ಉರಿಯೂತದ ನಾಲ್ಕು ಲಕ್ಷಣಗಳನ್ನು ರೋಮ್‌ನ ಸೆಲ್ಸಸ್ ಒಂದನೇ ಶತಮಾನದಲ್ಲೇ ಬರೆದಿಟ್ಟ: ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು. ಬೆರಳಿಗೆ ಮುಳ್ಳು ಚುಚ್ಚಿದರೆ ಬೆರಳು ಊದಿಕೊಳ್ಳುತ್ತದೆ, ಚರ್ಮ ಹಿಗ್ಗುತ್ತದೆ. ಹಲ್ಲಿನ ತಿರುಳು ಎಲ್ಲಿಗೆ ಹಿಗ್ಗಬೇಕು? ಸುತ್ತ ಗಟ್ಟಿ ಗೋಡೆ. ಬೇರಿನ ತುದಿಯಲ್ಲಿ ರಕ್ತ ಹೋಗಿಬರಲು ಇರುವ ದಾರಿ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಸಂಜೆ ಆರೂವರೆಯ ವಿರಾರ್ ಲೋಕಲ್ ಡಬ್ಬದ ಬಾಗಿಲು ಮುಚ್ಚಿ, ಒಳಗೆ ಇನ್ನೂ ಜನರನ್ನು ತುಂಬಿದರೆ ಹೇಗೋ ಹಾಗೆ. ಒತ್ತಡ ಏರುತ್ತದೆ, ನರ ಕಿರುಚುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ನೋವೂ ಹೆಚ್ಚು. ಅದಕ್ಕೇ ಹಲ್ಲುನೋವಿನವರು ದಿಂಬು ಏರಿಸಿಕೊಂಡು ಕೂರುವುದು.

ಇಲ್ಲಿ ಒಂದು ಮುಖ್ಯ ಮಾತು. ಉರಿಯೂತ ಆರಂಭದಲ್ಲಿದ್ದರೆ ತಣ್ಣೀರು ಕುಡಿದಾಗ ಜುಮ್ಮೆಂದು, ಕೆಲವೇ ಕ್ಷಣದಲ್ಲಿ ಹೋಗುತ್ತದೆ. ಆಗ ಹುಳುಕನ್ನು ತೆಗೆದು ತುಂಬಿದರೆ ತಿರುಳು ತಾನಾಗಿ ಸುಧಾರಿಸಿಕೊಳ್ಳುತ್ತದೆ. ಮುಂದುವರಿದ ಉರಿಯೂತದಲ್ಲಿ ನೋವು ನಿಮಿಷಗಟ್ಟಲೆ ನಿಲ್ಲುತ್ತದೆ, ಕಾರಣವಿಲ್ಲದೆ ಬರುತ್ತದೆ, ಬಿಸಿ ಚಹಾಕ್ಕೆ ಜೋರಾಗುತ್ತದೆ. ಅದನ್ನೂ ಹಾಗೇ ಬಿಟ್ಟರೆ ತಿರುಳು ಸಾಯುತ್ತದೆ. ತಿರುಳಿನ ಜೊತೆಗೆ ನರವೂ ಸಾಯುತ್ತದೆ. ನರ ಸತ್ತ ಮೇಲೆ ನೋವು ಎಲ್ಲಿಂದ ಬರಬೇಕು? ದೊಡ್ಡಮ್ಮನಿಗೆ ಆದದ್ದು ಇದು. ನೋವು ಹೋದ ಬೆಳಿಗ್ಗೆ ಹಲ್ಲು ವಾಸಿಯಾಗಿರಲಿಲ್ಲ, ಸತ್ತಿತ್ತು. ಸತ್ತ ತಿರುಳಿನೊಳಗೆ ಕ್ರಿಮಿಗಳು ಆರಾಮವಾಗಿ ಬೆಳೆದು, ಬೇರಿನ ತುದಿಯಿಂದ ಎಲುಬಿಗೆ ಇಳಿದು, ನಾಲ್ಕು ತಿಂಗಳ ಮೇಲೆ ಕೆನ್ನೆಯಲ್ಲಿ ಕಾಣಿಸಿಕೊಂಡವು.

ಕ್ರಿಮಿ ಎಂದೆ. ನಮ್ಮ ಕನ್ನಡದಲ್ಲಿ ಹುಳುಕುಹಲ್ಲು ಎನ್ನುತ್ತೇವೆ, ಸುಶ್ರುತ ಸಂಹಿತೆಯಲ್ಲಿ ಕೃಮಿದಂತಕ ಎಂದಿದೆ. ಹಲ್ಲನ್ನು ಹುಳ ತಿನ್ನುತ್ತದೆಂದು ಜಗತ್ತಿನ ಬಹಳ ಕಡೆ ನಂಬಿದ್ದರು. ಕಣ್ಣಿಗೆ ಕಾಣುವ ಹುಳ ಅಲ್ಲಿಲ್ಲ, ಕಾಣದ ಬ್ಯಾಕ್ಟೀರಿಯಾ ಇದೆ. ಅವುಗಳ ಪಾತ್ರ ಎಷ್ಟು ದೊಡ್ಡದು ಎನ್ನುವುದನ್ನು ತೋರಿಸಿದ ಪ್ರಯೋಗ 1965ರದು. ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜೆರಾಲ್ಡ್ ಎಂಬ ಮೂವರು ಅಮೆರಿಕದಲ್ಲಿ ಮಾಡಿದ್ದು. ಎರಡು ಗುಂಪು ಇಲಿಗಳು. ಒಂದು ಗುಂಪನ್ನು ಹುಟ್ಟಿನಿಂದ ಒಂದೂ ಕ್ರಿಮಿ ಸೋಕದಂತೆ ಸಾಕಿದ್ದರು, ಇನ್ನೊಂದು ಸಾಮಾನ್ಯ ಇಲಿಗಳು. ಎರಡೂ ಗುಂಪಿನ ದವಡೆಹಲ್ಲನ್ನು ತಿರುಳು ಕಾಣುವಷ್ಟು ಕೊರೆದು, ಏನನ್ನೂ ತುಂಬದೆ ಹಾಗೇ ಬಿಟ್ಟರು. ಸಾಮಾನ್ಯ ಇಲಿಗಳ ತಿರುಳು ಕೊಳೆಯಿತು. ಕ್ರಿಮಿಯಿಲ್ಲದ ಇಲಿಗಳಲ್ಲಿ, ತೂತಿನೊಳಗೆ ತಿಂಡಿ ತುಂಬಿಕೊಂಡಿದ್ದರೂ, 14 ದಿನದ ಹೊತ್ತಿಗೆ ಹೊಸ ಡೆಂಟಿನ್ನಿನ ಸೇತುವೆ ಕಟ್ಟಲು ಆರಂಭವಾಯಿತು. ನಾಲ್ಕು ವಾರಕ್ಕೆ ಪೂರ್ತಿಯಾಯಿತು. ಮದ್ದೇ ಇಲ್ಲದೆ!

ಈ ಪ್ರಯೋಗವನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ತಿರುಳಿಗೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ಶಕ್ತಿ ಇದೆ. ಕ್ರಿಮಿ ಒಳಗೆ ಬಾರದಂತೆ ಮುಚ್ಚಿ, ಉರಿಯನ್ನು ತಗ್ಗಿಸಿಕೊಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಮದ್ದಿನ ಕೆಲಸ ಅಷ್ಟೇ. ಆದರೆ ಆ ಅಷ್ಟನ್ನು ಮಾಡುವ ಮದ್ದು ಸಿಗುವುದು ಸುಲಭವಲ್ಲ.

ಈಗ ಲವಂಗಕ್ಕೆ ಬರೋಣ. ಲವಂಗದ ಎಣ್ಣೆಯಲ್ಲಿ ನೂರಕ್ಕೆ 70ರಿಂದ 90 ಪಾಲು ಯೂಜಿನಾಲ್ ಎಂಬ ವಸ್ತು. ಅದು ನರವನ್ನು ಮರಗಟ್ಟಿಸುತ್ತದೆ, ಉರಿಯೂತ ಬರಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪತ್ತಿಯನ್ನು ತಗ್ಗಿಸುತ್ತದೆ, ಕ್ರಿಮಿಗಳನ್ನೂ ಕೊಲ್ಲುತ್ತದೆ. ಇದು ಅಜ್ಜಿಯ ನಂಬಿಕೆ ಮಾತ್ರವಲ್ಲ, ಸಾಬೀತಾದ ವಿಷಯ. ನಾವು ದಂತವೈದ್ಯರೇ ನೂರಕ್ಕಿಂತ ಹೆಚ್ಚು ವರ್ಷದಿಂದ ಯೂಜಿನಾಲನ್ನು ಸತುವಿನ ಆಕ್ಸೈಡಿನ ಬಿಳಿಪುಡಿಯ ಜೊತೆ ಕಲಸಿ ಸಿಮೆಂಟಾಗಿ ಬಳಸುತ್ತಿದ್ದೇವೆ. ಹಲ್ಲಿನ ಆಸ್ಪತ್ರೆಗೆ ಕಾಲಿಟ್ಟ ಕೂಡಲೆ ಮೂಗಿಗೆ ಬಡಿಯುವ ವಾಸನೆ ಅದರದ್ದೇ.

ಹಾಗಾದರೆ ನಮ್ಮ ಲವಂಗಕ್ಕೂ ದೊಡ್ಡಮ್ಮನ ಲವಂಗಕ್ಕೂ ಏನು ವ್ಯತ್ಯಾಸ? ನಡುವೆ ಇರುವ ಡೆಂಟಿನ್. ಸಿಮೆಂಟಿನ ಕೆಳಗೆ ಡೆಂಟಿನ್ ಪದರ ಉಳಿದಿದ್ದರೆ ಯೂಜಿನಾಲ್ ಅದರ ಮೂಲಕ ಸೋಸಿಕೊಂಡು ಹೋಗುತ್ತದೆ. ಸಿಮೆಂಟಿಗೆ ಅಂಟಿಕೊಂಡ ಡೆಂಟಿನ್ನಿನಲ್ಲಿ ಅದು ಕ್ರಿಮಿ ಕೊಲ್ಲುವಷ್ಟು ಖಾರವಾಗಿರುತ್ತದೆ. ತಿರುಳು ಮುಟ್ಟುವ ಹೊತ್ತಿಗೆ ಸುಮಾರು ನೂರರಲ್ಲಿ ಒಂದು ಪಾಲಾಗಿರುತ್ತದೆ. ಆ ಅಳತೆಯಲ್ಲಿ ಅದು ನೋವು ತಗ್ಗಿಸುತ್ತದೆ, ಜೀವಕೋಶಕ್ಕೆ ಹಾನಿ ಮಾಡುವುದಿಲ್ಲ. ಹುಳುಕು ತಿರುಳಿನವರೆಗೆ ಇಳಿದು, ಬಾಗಿಲೇ ತೆರೆದಿರುವ ಹಲ್ಲಿಗೆ ಶುದ್ಧ ಎಣ್ಣೆಯನ್ನು ಹತ್ತಿಯಲ್ಲಿ ತುರುಕಿದರೆ ಸೋಸುವವರು ಯಾರೂ ಇಲ್ಲ. ಅದೇ ಯೂಜಿನಾಲ್ ಅಲ್ಲಿ ಜೀವಕೋಶಗಳನ್ನು ಸುಡುತ್ತದೆ. ಕ್ರಿಮಿ ಹೇಗೂ ಕೊಲ್ಲುತ್ತಿತ್ತು, ಎಣ್ಣೆಯೂ ಕೈಜೋಡಿಸಿತು.

ಗಿಡಮೂಲಿಕೆಯ ಸಾರಗಳನ್ನು ಪರೀಕ್ಷಿಸುವ ಕೆಲಸದ ಮುಕ್ಕಾಲು ಭಾಗ ಈ ಒಂದು ಪ್ರಶ್ನೆಯ ಸುತ್ತ ಇದೆ: ಎಷ್ಟು ಕೊಟ್ಟರೆ ಮದ್ದು, ಎಷ್ಟರ ಮೇಲೆ ವಿಷ?

ಇಷ್ಟು ಕಷ್ಟಪಟ್ಟು ಹೊಸ ಮದ್ದು ಯಾಕೆ ಹುಡುಕಬೇಕು, ಇರುವುದು ಸಾಲದೇ ಎಂದು ಕೇಳಬಹುದು. ಇರುವವು ಯಾವುವು ನೋಡಿ. ತೆರೆದ ತಿರುಳಿನ ಮೇಲೆ ಇಡಲು 1920ರಲ್ಲಿ ಜರ್ಮನಿಯ ಹರ್ಮನ್ ಬಳಕೆಗೆ ತಂದದ್ದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹೆಸರು ದೊಡ್ಡದು, ವಸ್ತು ನಮ್ಮ ಎಲೆಯಡಿಕೆಯ ಸುಣ್ಣವೇ. (ದಯವಿಟ್ಟು ಎಲೆಗೆ ಹಚ್ಚುವ ಸುಣ್ಣವನ್ನು ಹಲ್ಲಿಗೆ ತುಂಬಬೇಡಿ. ನಮ್ಮದು ಶುದ್ಧ ಮಾಡಿದ, ಅಳತೆಯ ವಸ್ತು.) ಅದು ತಿರುಳನ್ನು ಸ್ವಲ್ಪ ಸುಟ್ಟು, ಆ ಗಾಯದ ಕೆಳಗೆ ಹೊಸ ಡೆಂಟಿನ್ ಕಟ್ಟಿಸುತ್ತದೆ. ಆದರೆ ಆ ಡೆಂಟಿನ್ನಿನಲ್ಲಿ ಸಣ್ಣ ಸುರಂಗಗಳು ಉಳಿಯುತ್ತವೆ, ಮದ್ದು ಕಾಲಕ್ರಮೇಣ ಕರಗುತ್ತದೆ. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಟೊರಾಬಿನೆಜಾದ್ ಎಂಬವರು ಎಂಟಿಎ ಎಂಬ ಸಿಮೆಂಟನ್ನು ತಂದರು. ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಹತ್ತಿರದ ಸಂಬಂಧಿ. ಬಹಳ ಒಳ್ಳೆಯದು, ಬಹಳ ದುಬಾರಿ. ಮಕ್ಕಳ ಹಾಲುಹಲ್ಲಿಗೆ 1904ರಲ್ಲಿ ಬಕ್ಲಿ ಎಂಬವರು ಪ್ರಚಾರಕ್ಕೆ ತಂದ ಫಾರ್ಮೊಕ್ರೆಸಾಲ್ ದಶಕಗಟ್ಟಲೆ ನಡೆಯಿತು. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ವರ್ಗೀಕರಿಸಿತು. ಹಲ್ಲಿಗೆ ಹಾಕುವ ಅಳತೆ ತೀರಾ ಚಿಕ್ಕದು, ನಿಜ. ಆದರೂ ಮಗುವಿನ ಬಾಯಿಗೆ ಅದನ್ನು ಹಾಕುವಾಗ ಕೈ ಹಿಂದೆಗೆಯುತ್ತದೆ.

ಇನ್ನೊಂದು ಕಾರಣವೂ ಇದೆ. ಮೊದಲೆಲ್ಲ ಉರಿಯೂತ ಮುಂದುವರಿದಿದ್ದರೆ ತಿರುಳನ್ನು ಪೂರ್ತಿ ತೆಗೆದುಬಿಡುವುದೊಂದೇ ದಾರಿ ಎಂದು ನಮಗೆ ಕಲಿಸುತ್ತಿದ್ದರು. ಈಗ ಹಾಗಿಲ್ಲ. ಯುರೋಪಿನ ಎಂಡೊಡಾಂಟಿಕ್ ಸಂಘ 2019ರಲ್ಲೂ ಅಮೆರಿಕದ ಸಂಘ 2021ರಲ್ಲೂ, ಎಷ್ಟು ಸಾಧ್ಯವೋ ಅಷ್ಟು ತಿರುಳನ್ನು ಜೀವಂತ ಉಳಿಸುವ ಚಿಕಿತ್ಸೆಯ ಪರವಾಗಿ ಹೇಳಿಕೆ ಹೊರಡಿಸಿವೆ. ಉಳಿಸಬೇಕಾದರೆ ಉರಿ ಆರಿಸಬೇಕು. ಉರಿ ಆರಿಸುವ ಗಿಡಗಳು ನಮ್ಮಲ್ಲಿ ಬೇಕಾದಷ್ಟು ಇವೆ ಎಂದು ಎಲ್ಲರಿಗೂ ಗೊತ್ತು. ಅದಕ್ಕೇ ಈಗ ಅರಿಶಿನ, ಬೇವು, ತ್ರಿಫಲಾ, ಲೋಳೆಸರ, ಕರಿಜೀರಿಗೆ, ಹಸಿರು ಚಹಾ ಎಲ್ಲವೂ ಪ್ರಯೋಗಾಲಯದ ಮೇಜಿನ ಮೇಲೆ ಸಾಲಾಗಿ ಕೂತಿರುವುದು.

ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಮೊದಲನೆಯದಾಗಿ ಗಿಡ. "ಬೇವು ತಗೊಂಡೆ" ಎಂದರೆ ನಡೆಯದು. ಯಾವ ಬೇವು, ಎಲೆಯೋ ತೊಗಟೆಯೋ, ಎಲ್ಲಿಂದ ತಂದದ್ದು, ಯಾವ ಋತುವಿನಲ್ಲಿ ಕೊಯ್ದದ್ದು ಎಲ್ಲ ಬರೆದಿಡಬೇಕು. ಸಸ್ಯಶಾಸ್ತ್ರಜ್ಞರಿಂದ ಗುರುತು ಹಿಡಿಸಿ, ಒಂದು ಒಣಗಿಸಿದ ಕೊಂಬೆಯನ್ನು ಸಾಕ್ಷಿಯಾಗಿ ಇಡಬೇಕು. ಮಾರುಕಟ್ಟೆಯಲ್ಲಿ ಒಂದು ಹೆಸರಿನಲ್ಲಿ ಎರಡು ಮೂರು ಗಿಡಗಳು ಮಾರಾಟವಾಗುವುದು ನಿಮಗೂ ಗೊತ್ತು. ಆಮೇಲೆ ಸಾರ ತೆಗೆಯುವುದು. ನೀರಿನಲ್ಲಿ ಕುದಿಸಿದರೆ ಒಂದು ಬಗೆಯ ವಸ್ತುಗಳು ಬರುತ್ತವೆ, ಆಲ್ಕೋಹಾಲಿನಲ್ಲಿ ನೆನೆಸಿದರೆ ಬೇರೆಯವು. ಸಾಂಬಾರಿಗೂ ಒಗ್ಗರಣೆಗೂ ಒಂದೇ ಮೆಣಸು ಹಾಕಿದರೂ ರುಚಿ ಬೇರೆ ಬರುವ ಹಾಗೆ. ಆದ್ದರಿಂದ "ತುಳಸಿ ಒಳ್ಳೆಯದು" ಎಂದು ಯಾವ ಪ್ರಯೋಗವೂ ಹೇಳಲಾರದು. ಇಂಥ ತುಳಸಿಯ, ಇಂಥ ಭಾಗದ, ಇಂಥ ದ್ರವದಲ್ಲಿ ತೆಗೆದ ಸಾರ, ಇಂಥ ಅಳತೆಯಲ್ಲಿ ಹೀಗೆ ಮಾಡಿತು ಎಂದಷ್ಟೇ ಹೇಳಬಹುದು.

ಎರಡನೆಯದು ತಿರುಳಿನ ಜೀವಕೋಶ. ಅದಕ್ಕೆ ಹಲ್ಲು ಬೇಕು. ಜಾಗವಿಲ್ಲದೆ ಕಿತ್ತ ಬುದ್ಧಿಹಲ್ಲು, ಹಲ್ಲು ನೇರ ಮಾಡಲು ಕಿತ್ತ ಹಲ್ಲು, ಬಿದ್ದುಹೋದ ಹಾಲುಹಲ್ಲು, ಇವೇ ಮೂಲ. ಕೀಳಿಸಿಕೊಂಡವರ ಒಪ್ಪಿಗೆ ಬರೆಸಿಕೊಂಡು, ಹಲ್ಲು ಒಡೆದು, ತಿರುಳು ತೆಗೆದು, ಜೀವಕೋಶಗಳನ್ನು ಬಿಡಿಸಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೆಳೆಸುತ್ತಾರೆ. ಹಲ್ಲಿನ ತಿರುಳಿನಲ್ಲಿ ಕಾಂಡಕೋಶಗಳಿವೆ ಎಂದು 2000ದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಗ್ರಾಂಥೋಸ್, ಷಿ ಮತ್ತು ಸಂಗಡಿಗರು ತೋರಿಸಿದ ಮೇಲೆ ಈ ಕೆಲಸಕ್ಕೆ ಬಹಳ ಉತ್ಸಾಹ ಬಂತು. 2003ರಲ್ಲಿ ಹಾಲುಹಲ್ಲಿನಲ್ಲೂ ಅವು ಸಿಕ್ಕವು.

ಆ ಕೋಶಗಳಿಗೆ ಮೊದಲು ಸಾರವನ್ನು ಬೇರೆ ಬೇರೆ ಅಳತೆಯಲ್ಲಿ ಕೊಟ್ಟು ಯಾವ ಅಳತೆಯಲ್ಲಿ ಬದುಕುತ್ತವೆ ನೋಡಬೇಕು. ಎಂಟಿಟಿ ಎಂಬ ಹಳದಿ ಬಣ್ಣದ ವಸ್ತುವನ್ನು ಹಾಕುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತದೆ, ಸತ್ತದ್ದು ತಿರುಗಿಸುವುದಿಲ್ಲ. ನೇರಳೆ ಎಷ್ಟು ಗಾಢವೋ ಅಷ್ಟು ಕೋಶ ಬದುಕಿವೆ ಎಂದು ಲೆಕ್ಕ. ನಂತರ ಉರಿಯೂತ ಬರಿಸುವುದು. ಬ್ಯಾಕ್ಟೀರಿಯಾದ ಗೋಡೆಯಿಂದ ತೆಗೆದ, ಎಲ್‌ಪಿಎಸ್ ಎಂದು ಕರೆಯುವ ವಿಷವನ್ನು ಹಾಕುತ್ತಾರೆ. ಕೋಶಗಳು ಕ್ರಿಮಿ ಬಂತೆಂದು ಭ್ರಮಿಸಿ, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಆಲ್ಫಾ, ಪ್ರೊಸ್ಟಗ್ಲಾಂಡಿನ್ ಮುಂತಾದ ಕೂಗುವಸ್ತುಗಳನ್ನು ಹೊರಬಿಡುತ್ತವೆ. ಸಾರ ಕೊಟ್ಟಾಗ ಈ ಕೂಗು ಎಷ್ಟು ತಗ್ಗಿತು ಎಂದು ಅಳೆಯುತ್ತಾರೆ.

ಇಲ್ಲಿ ನನ್ನದೊಂದು ತಕರಾರು ಇದೆ. ಇಂಥ ಲೇಖನ ಕೈಗೆ ಬಂದಾಗ ನಾನು ಮೊದಲು ನೋಡುವುದು, ಸಾರವನ್ನು ವಿಷಕ್ಕಿಂತ ಮೊದಲು ಕೊಟ್ಟರೋ ನಂತರ ಕೊಟ್ಟರೋ ಎಂದು. ಎಷ್ಟೋ ಕಡೆ ಮೊದಲೇ ಕೊಟ್ಟಿರುತ್ತಾರೆ. ಮಳೆಗೆ ಮೊದಲು ಕೊಡೆ ಬಿಡಿಸಿದ ಹಾಗೆ. ಕೋಶ ನೆನೆಯದಿದ್ದರೆ ಆಶ್ಚರ್ಯವೇನು? ನಮ್ಮ ಕ್ಲಿನಿಕ್ಕಿಗೆ ಬರುವವರು ಮಳೆಯಲ್ಲಿ ಮೂರು ದಿನ ನೆಂದು, ನಡುಗುತ್ತಾ ಬರುವವರು. ಅವರಿಗೆ ಆಗುವ ಮದ್ದು, ಉರಿಯೂತ ಬಂದ ಮೇಲೆ ಕೊಟ್ಟರೂ ಕೆಲಸ ಮಾಡುವಂಥದ್ದು ಬೇಕು. ತಟ್ಟೆಯೊಳಗಿನ ಕೋಶಕ್ಕೆ ರಕ್ತ ಸಂಚಾರವಿಲ್ಲ, ನರವಿಲ್ಲ, ಸುತ್ತ ಗಟ್ಟಿ ಗೋಡೆಯಿಲ್ಲ, ಜೀವಂತ ಬ್ಯಾಕ್ಟೀರಿಯಾವೂ ಇಲ್ಲ. ವಿರಾರ್ ಲೋಕಲ್ಲನ್ನು ಖಾಲಿ ಮೈದಾನದಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದ ಹಾಗೆ.

ಅರಿಶಿನದ್ದು ಇನ್ನೊಂದು ತಮಾಷೆ. ಅರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಉರಿಯೂತ ತಗ್ಗಿಸುತ್ತದೆಂದು ಸಾವಿರಾರು ಲೇಖನಗಳು ಬಂದಿವೆ. ಆದರೆ ಪರೀಕ್ಷೆಗಳು ಬಣ್ಣದ ಮೇಲೆ, ಬೆಳಕಿನ ಮೇಲೆ ನಿಂತಿವೆ ಎಂದೆನಲ್ಲ. ಕರ್ಕ್ಯುಮಿನ್ ತಾನೇ ಗಾಢ ಹಳದಿ, ಮೇಲೆ ಬೆಳಕು ಬಿದ್ದರೆ ತಾನೇ ಹೊಳೆಯುತ್ತದೆ, ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಬಿಳಿ ಪಂಚೆಗೆ ಬಿದ್ದ ಅರಿಶಿನದ ಕಲೆ ಹೋಗಿಸಲು ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರೀಕ್ಷೆಯಲ್ಲಿ ಅದು ನಿಜವಾಗಿ ಮದ್ದಿನಂತೆ ವರ್ತಿಸಿತೋ, ಯಂತ್ರದ ಕಣ್ಣಿಗೆ ಮಣ್ಣೆರಚಿತೋ ಗೊತ್ತಾಗುವುದಿಲ್ಲ. 2017ರಲ್ಲಿ ಅಮೆರಿಕದ ಕ್ಯಾಥರಿನ್ ನೆಲ್ಸನ್ ಮತ್ತು ಸಂಗಡಿಗರು ಔಷಧ ರಸಾಯನಶಾಸ್ತ್ರದ ಪತ್ರಿಕೆಯೊಂದರಲ್ಲಿ ಈ ವಿಷಯವನ್ನೆಲ್ಲ ಒಟ್ಟುಗೂಡಿಸಿ, ಕರ್ಕ್ಯುಮಿನ್ ಬೇಗ ಒಡೆದುಹೋಗುವ, ದೇಹಕ್ಕೆ ಸರಿಯಾಗಿ ಸೇರದ ವಸ್ತು ಎಂದು ಎಚ್ಚರಿಸಿದರು. ಅರಿಶಿನ ಪ್ರಯೋಜನವಿಲ್ಲ ಎಂದು ಇದರ ಅರ್ಥವಲ್ಲ. ಪತ್ರ ಬರೆದ ಕೇಳುಗರಿಗೆ ನನ್ನ ಉತ್ತರ: ತಟ್ಟೆಯಲ್ಲಿ ಹೌದು, ಹಲ್ಲಿನಲ್ಲಿ ಇನ್ನೂ ಗಟ್ಟಿಯಾಗಿ ಹೇಳುವಂತಿಲ್ಲ.

ಇನ್ನೊಂದು ಗೊಂದಲ ನಮ್ಮಲ್ಲಿ ಸಾಮಾನ್ಯ. ಕ್ರಿಮಿ ಕೊಲ್ಲುವುದು ಬೇರೆ, ಉರಿಯೂತ ತಗ್ಗಿಸುವುದು ಬೇರೆ. 2010ರಲ್ಲಿ ಚೆನ್ನೈನ ಸಂಶೋಧಕರು ಕಿತ್ತ ಹಲ್ಲುಗಳ ಮೇಲೆ ಎಂಟರೋಕಾಕಸ್ ಫೀಕಾಲಿಸ್ ಎಂಬ ಹಠಮಾರಿ ಬ್ಯಾಕ್ಟೀರಿಯಾದ ಪೊರೆ ಬೆಳೆಸಿ, ತ್ರಿಫಲಾ ಮತ್ತು ಹಸಿರು ಚಹಾದ ಸಾರಗಳನ್ನು ನಾವು ಬಳಸುವ ದ್ರಾವಣಗಳ ಜೊತೆ ಹೋಲಿಸಿದರು. ಒಳ್ಳೆಯ ಕೆಲಸ. ಎರಡೂ ಸಾರಗಳು ಕ್ರಿಮಿಯನ್ನು ಗಮನಾರ್ಹವಾಗಿ ತಗ್ಗಿಸಿದವು. ಹಲ್ಲಿನ ಮೇಲಿನ ಪೊರೆಯ ವಿಷಯದಲ್ಲಿ ಮಾತ್ರ ಮೊದಲ ಸ್ಥಾನ ನಮ್ಮ ಹಳೆಯ ಸೋಡಿಯಂ ಹೈಪೊಕ್ಲೋರೈಟಿಗೇ, ಎಂದರೆ ಬಟ್ಟೆ ಬಿಳಿ ಮಾಡುವ ಬ್ಲೀಚಿನ ವಸ್ತುವಿಗೇ ಹೋಯಿತು. ಆದರೆ ಇದು ತಿರುಳು ಸತ್ತ ಹಲ್ಲಿನ ಕಾಲುವೆ ತೊಳೆಯುವ ಪ್ರಶ್ನೆ. ಬದುಕಿರುವ ತಿರುಳಿನ ಉರಿ ಆರಿಸುವ ಪ್ರಶ್ನೆಯಲ್ಲ. ಅಲ್ಲಿ ಗೆದ್ದದ್ದು ಇಲ್ಲಿ ಗೆಲ್ಲಬೇಕೆಂದಿಲ್ಲ.

ಹಾಗಾದರೆ ಎಲ್ಲ ಹಂತ ದಾಟಿ ಮನುಷ್ಯರ ಹಲ್ಲಿನವರೆಗೆ ಬಂದ ಗಿಡ ಯಾವುದೂ ಇಲ್ಲವೇ? ಇದೆ. ಲೋಳೆಸರ. ಬಾಲ್ಕನಿಯ ಕುಂಡದಲ್ಲಿ ನೀವು ಬೆಳೆಸಿರುವುದೇ. ಬ್ಯಾಂಕಾಕಿನ ಚುಲಲೋಂಗ್‌ಕಾರ್ನ್ ವಿಶ್ವವಿದ್ಯಾಲಯದವರು ಅದರ ಲೋಳೆಯನ್ನು ಹಾಗೇ ಹಚ್ಚಲಿಲ್ಲ. ಅದರೊಳಗಿನ ಅಸೆಮನ್ನಾನ್ ಎಂಬ ಒಂದೇ ವಸ್ತುವನ್ನು ಬೇರ್ಪಡಿಸಿ, ಶುದ್ಧ ಮಾಡಿ, ಸಣ್ಣ ಸ್ಪಂಜಿನಂತೆ ಒಣಗಿಸಿದರು. ಮೊದಲು ತಿರುಳಿನ ಕೋಶಗಳ ಮೇಲೆ, ಆಮೇಲೆ ಇಲಿಗಳ ಹಲ್ಲಿನ ಮೇಲೆ ನೋಡಿದರು. ಅದು 2010ರ ಸುಮಾರಿಗೆ. ನಂತರ ಏಳರಿಂದ ಹನ್ನೊಂದು ವರ್ಷದ ಮಕ್ಕಳ 42 ಹಾಲುಹಲ್ಲುಗಳನ್ನು ಆರಿಸಿಕೊಂಡರು. ಆಳವಾದ ಹುಳುಕು, ಆದರೆ ತಿರುಳು ಬದುಕಿದೆ. ಕೆಲವಕ್ಕೆ ಅಸೆಮನ್ನಾನ್, ಕೆಲವಕ್ಕೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಆರು ತಿಂಗಳ ನಂತರ ಎರಡೂ ಕಡೆ ಯಶಸ್ಸು ನೂರಕ್ಕೆ ಎಪ್ಪತ್ತರ ಆಸುಪಾಸು, ಹೆಚ್ಚು ಕಡಿಮೆ ಸಮ. ಹೊರಗಿನಿಂದ ನೋಡಿದರೆ ಲೋಳೆಸರ ಗೆದ್ದಿತು ಎನ್ನಲು ಏನೂ ಇಲ್ಲ. ಆದರೆ ಬೀಳುವ ವಯಸ್ಸಿನ ಹಾಲುಹಲ್ಲುಗಳಾದ್ದರಿಂದ ಅವನ್ನು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಲು ಸಾಧ್ಯವಾಯಿತು. ಒಳಗೆ, ಲೋಳೆಸರದ ಗುಂಪಿನಲ್ಲಿ ಉರಿಯೂತ ಕಡಿಮೆ, ಡೆಂಟಿನ್ನಿನ ಸೇತುವೆ ಉತ್ತಮ. ಇದು ಪ್ರಕಟವಾದದ್ದು 2016ರಲ್ಲಿ. ಮಾರನೆಯ ವರ್ಷ, ಮೊದಲೇ ಎಲ್‌ಪಿಎಸ್ ಹಾಕಿ ಉರಿಯೂತ ಬರಿಸಿದ ತಿರುಳಿನ ಮೇಲೂ ಅವರು ಇದೇ ವಸ್ತುವನ್ನು ಪ್ರಯೋಗಿಸಿ, ಹೊಸ ಡೆಂಟಿನ್ ಬೆಳೆಯುವುದನ್ನು ತೋರಿಸಿದರು. ನನ್ನ ಕೊಡೆಯ ತಕರಾರಿಗೆ ಅವರು ಉತ್ತರ ಕೊಟ್ಟ ಹಾಗಾಯಿತು.

ನನಗೆ ಈ ಕೆಲಸ ಹಿಡಿಸುವುದು ಅದರ ಫಲಿತಾಂಶಕ್ಕಿಂತ ಅದರ ನಡಿಗೆಗಾಗಿ. ಒಂದು ಗಿಡ, ಅದರೊಳಗಿನ ಒಂದು ವಸ್ತು, ವರ್ಷಗಟ್ಟಲೆ ಒಂದೇ ತಂಡ. ಆರು ತಿಂಗಳು ಚಿಕ್ಕ ಅವಧಿ, 42 ಹಲ್ಲು ಸಣ್ಣ ಸಂಖ್ಯೆ, ಹಾಲುಹಲ್ಲು ಶಾಶ್ವತ ಹಲ್ಲಲ್ಲ. ಅವನ್ನೆಲ್ಲ ನೆನಪಿಟ್ಟುಕೊಂಡೇ ಹೇಳುತ್ತೇನೆ. ನಮ್ಮಲ್ಲಿ ಯಾಕೆ ಇದು ಕಡಿಮೆ? ಎಂ.ಡಿ.ಎಸ್. ಓದು ಮೂರು ವರ್ಷ. ಅದರಲ್ಲಿ ಒಂದು ಪ್ರಬಂಧ ಬರೆದು ಮುಗಿಸಬೇಕು. ಒಬ್ಬ ವಿದ್ಯಾರ್ಥಿ ಬೇವು ತೆಗೆದುಕೊಂಡು ತಟ್ಟೆಯವರೆಗೆ ಬರುತ್ತಾನೆ, ಪಾಸಾಗಿ ಹೋಗುತ್ತಾನೆ. ಮುಂದಿನವಳು ಬೇವನ್ನು ಮುಂದುವರಿಸುವುದಿಲ್ಲ, ಹೊಸದು ಬೇಕೆಂದು ನುಗ್ಗೆ ಹಿಡಿಯುತ್ತಾಳೆ. ಹೀಗೆ ಹತ್ತಾರು ಗಿಡ ತಟ್ಟೆಯವರೆಗೆ ಬಂದು ಅಲ್ಲೇ ಒಣಗುತ್ತವೆ. ಇದು ವಿದ್ಯಾರ್ಥಿಗಳ ತಪ್ಪಲ್ಲ, ನಮ್ಮದು, ಕಲಿಸುವವರದು. ಮನುಷ್ಯರ ಮೇಲೆ ಪ್ರಯೋಗ ಮಾಡುವವರು ನೈತಿಕ ಸಮಿತಿಯ ಒಪ್ಪಿಗೆ ಪಡೆದು, 2007ರಲ್ಲಿ ಆರಂಭವಾದ ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆಯಲ್ಲಿ ಮೊದಲೇ ಹೆಸರು ನೋಂದಾಯಿಸುವ ಪದ್ಧತಿ ಬಂದದ್ದರಿಂದ ಒಂದು ಶಿಸ್ತು ಬಂದಿದೆ. ನಿಮ್ಮನ್ನು ಯಾರಾದರೂ ಇಂಥ ಪ್ರಯೋಗಕ್ಕೆ ಸೇರಿ ಎಂದರೆ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ಗಿಡದ್ದು ಎಂದ ಮಾತ್ರಕ್ಕೆ ಸಾಧು ಎಂದುಕೊಳ್ಳಬೇಡಿ. ಹಳ್ಳಿಗಳಲ್ಲಿ ಹುಳುಕಿಗೆ ಎಕ್ಕದ ಹಾಲು ಬಿಡುವವರಿದ್ದಾರೆ. ಪ್ರಯೋಗಾಲಯಗಳಲ್ಲಿ ಇಲಿಯ ಪಾದಕ್ಕೆ ಊತ ಬರಿಸಬೇಕಾದಾಗ ಚುಚ್ಚುವ ವಸ್ತುಗಳಲ್ಲಿ ಈ ಎಕ್ಕದ ಹಾಲೂ ಒಂದು! ಅದು ಬಿದ್ದ ಒಸಡು ಸುಟ್ಟುಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೊನೆಯದಾಗಿ, ಇವತ್ತು ರಾತ್ರಿ ಹಲ್ಲು ನೋಯತೊಡಗಿದರೆ ಏನು ಮಾಡಬೇಕು? ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ತೂತಿನಲ್ಲಿ ಸಿಕ್ಕಿದ ಅನ್ನದಗುಳು ತೆಗೆಯಿರಿ. ತಲೆ ಎತ್ತರಿಸಿ ಮಲಗಿ. ನಿಮಗೆ ಒಗ್ಗುವ ನೋವಿನ ಮಾತ್ರೆಯನ್ನು ನುಂಗಿ. ಒಸಡಿನ ಮೇಲೆ ಇಟ್ಟುಕೊಳ್ಳಬೇಡಿ, ಆಸ್ಪಿರಿನ್ ಒಸಡನ್ನು ಬಿಳಿಯಾಗಿ ಸುಡುತ್ತದೆ. ಲವಂಗದ ಎಣ್ಣೆ ಬೇಕೇ ಬೇಕೆಂದರೆ ಒಂದು ಹನಿ, ಹತ್ತಿಯನ್ನು ಚೆನ್ನಾಗಿ ಹಿಂಡಿ, ಒಸಡಿಗೆ ತಾಗದಂತೆ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ಒಂದು ರಾತ್ರಿಗೆ, ಡಾಕ್ಟರ ಬಾಗಿಲು ತೆರೆಯುವವರೆಗೆ. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಆ ಎಣ್ಣೆ ಮಕ್ಕಳ ಹೊಟ್ಟೆಗೆ ಹೋದರೆ ಯಕೃತ್ತಿಗೆ ಅಪಾಯ, ಬಾಟಲಿಯನ್ನು ಎತ್ತರದಲ್ಲಿಡಿ. ಕೆನ್ನೆ ಊದಿ, ಜ್ವರ ಬಂದು, ನುಂಗಲು ಅಥವಾ ಬಾಯಿ ತೆರೆಯಲು ಕಷ್ಟವಾದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಜೋರಾಗಿದ್ದ ನೋವು ತಾನಾಗಿಯೇ ನಿಂತರೆ ಆ ವಾರವೇ ಬಂದು ತೋರಿಸಿ.

ದೊಡ್ಡಮ್ಮನ ವಿಷಯ ಅರ್ಧಕ್ಕೇ ನಿಲ್ಲಿಸಿದೆ. ಎರಡು ವರ್ಷದ ಮೇಲೆ ಇನ್ನೊಂದು ಬದಿಯ ಹಲ್ಲು ಮಜ್ಜಿಗೆಗೆ ಜುಮ್ಮೆಂದಿತಂತೆ. ಮೂರನೇ ದಿನವೇ ಮಗನನ್ನು ಕರೆದುಕೊಂಡು ಲೋಕಲ್ ಹತ್ತಿ ಬಂದರು. ಹುಳುಕು ಆಳವಿತ್ತು, ಆದರೆ ಕೆಳಗೆ ಡೆಂಟಿನ್ ಉಳಿದಿತ್ತು. ಕೆರೆದು, ಸತುವಿನ ಬಿಳಿಪುಡಿಗೆ ಯೂಜಿನಾಲ್ ಕಲಸಿ ತುಂಬಿದೆ. ಕುರ್ಚಿಯಿಂದ ಎದ್ದವರು ಮೂಗು ಅರಳಿಸಿ, "ಇದು ಲವಂಗದ ಪರಿಮಳ ಅಲ್ವಾ ಮಗಾ?" ಎಂದರು. ಹೌದು ದೊಡ್ಡಮ್ಮ ಎಂದೆ. "ಮತ್ತೆ ಇದಕ್ಕೆ ದುಡ್ಡು ತಗೊಳ್ತೀಯಾ?" ಎಂದರು. ತಗೊಳ್ಳಲಿಲ್ಲ. ಆ ಹಲ್ಲು ಇವತ್ತಿಗೂ ಅವರ ಬಾಯಲ್ಲಿದೆ.